ಅತ್ಯಾ ತೂಗಿಸಿದ ಕಟ್ಟಿಗೆ

ಹಳೇ ಹುಬ್ಬಳ್ಳಿಯ ಕಟ್ಟಿಗೆ ಅಡ್ಡಾದಲ್ಲಿ ಯಾರು ಹೋಗಿ ನಿಂತರೂ ಮೊದಲ ಪ್ರಶ್ನೆ ಒಂದೇ: ‘ಯಾತಕ್ಕ ಬೇಕಾಗಿತ್ರಿ?’ ಬಟ್ಟೆ ಅಂಗಡಿಯವನು ಹಾಗೆ ಕೇಳುವುದಿಲ್ಲ. ಬಂಗಾರದ ಅಂಗಡಿಯವನಂತೂ ಕೇಳುವುದೇ ಇಲ್ಲ, ಕೊಂಡರೆ ಸಾಕು ಅವನಿಗೆ. ಕಟ್ಟಿಗೆಯವನಿಗೆ ಮಾತ್ರ ನಮ್ಮ ಮನೆಯ ಸುದ್ದಿ ಬೇಕು. ಮದುವೆ ಅಡುಗೆಗೆ ಅಂದರೆ ಒಂದು ತರದ ಕಟ್ಟಿಗೆ, ಖಾನಾವಳಿಯ ರೊಟ್ಟಿಗೆ ಅಂದರೆ ಇನ್ನೊಂದು, ಬಾಣಂತಿಯ ನೀರಿಗೆ ಅಂದರೆ ಮತ್ತೊಂದು. ನಾಲ್ಕನೆಯ ಉತ್ತರವೂ ಒಂದಿದೆ. ಅದನ್ನು ಹೇಳಲು ಬಂದವರ ಮುಖ ನೋಡಿದರೆ ಸಾಕು, ಅವನು ಪ್ರಶ್ನೆಯನ್ನೇ ನುಂಗಿಬಿಡುತ್ತಾನೆ. ಆ ಗಿರಾಕಿ ಚೌಕಾಸಿ ಮಾಡುವುದಿಲ್ಲ, ತಕ್ಕಡಿಯ ಕಡೆ ನೋಡುವುದಿಲ್ಲ, ಕಟ್ಟಿಗೆ ಹಸಿಯೋ ಒಣಗಿದ್ದೋ ಮುಟ್ಟಿ ನೋಡುವುದಿಲ್ಲ. ವ್ಯಾಪಾರಸ್ಥನಿಗೆ ಅಷ್ಟು ಒಳ್ಳೆಯ ಗಿರಾಕಿ ಲೋಕದಲ್ಲಿ ಬೇರೆ ಸಿಕ್ಕಲಿಕ್ಕಿಲ್ಲ.

ನನ್ನ ಅತ್ಯಾ, ಅಂದರೆ ಅಪ್ಪನ ಅಕ್ಕ, ಈ ನಾಲ್ಕನೆಯ ಉತ್ತರವನ್ನು ಆರಾಮಾಗಿ ಓಡಾಡುತ್ತಿರುವಾಗಲೇ, ಸ್ವಂತ ಬಾಯಿಂದ, ತನ್ನ ಸಲುವಾಗಿಯೇ ಹೇಳಿದವಳು. ನಾನು ಪಕ್ಕದಲ್ಲಿ ನಿಂತಿದ್ದೆ. ನೆಲ ಬಾಯಿಬಿಟ್ಟರೆ ಒಳಗೆ ಹೋಗಬಹುದಿತ್ತು, ಆದರೆ ಅಲ್ಲಿ ನೆಲದ ತುಂಬ ಕಟ್ಟಿಗೆ ಪೇರಿಸಿದ್ದರು.

ಅತ್ಯಾ ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವಳಿಗೆ ಕಡಿಮೆ ತೂಗಿಕೊಟ್ಟು ಪಾರಾದ ವ್ಯಾಪಾರಿ ಅವಳಿ ನಗರದಲ್ಲಿ ಇಲ್ಲ. ಕಾಯಿಪಲ್ಯೆ ಸಂತೆಯಲ್ಲಿ ಅವಳು ದೂರದಿಂದ ಬರುವುದು ಕಂಡರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಪೆಟ್ರೋಲ್ ಪಂಪಿನಲ್ಲಿ ಸೊನ್ನೆ ತೋರಿಸಿದ ಮೇಲೂ ‘ಇನ್ನೊಮ್ಮೆ ತೋರಸ್ರಿ’ ಅನ್ನುವವಳು. ಅವಳ ಗಂಡ, ನಮಗೆಲ್ಲ ಮಾಮಾ, ಇದಕ್ಕೆ ತೀರ ವಿರುದ್ಧ. ಅಂಗಡಿಯವನು ಕೊಟ್ಟಷ್ಟೇ ತೂಕ, ಹೇಳಿದಷ್ಟೇ ಬೆಲೆ. ಮನೆಗೆ ಬಂದ ಮೇಲೆ ಅತ್ಯಾ ಆ ಚೀಲವನ್ನು ಇನ್ನೊಮ್ಮೆ ತೂಗಿ, ಮಾಮಾನನ್ನು ಮತ್ತೆ ಅಂಗಡಿಗೆ ಅಟ್ಟುತ್ತಿದ್ದಳು. ಮಾಮಾ ಹೋಗಿ, ಆ ಅಂಗಡಿಯವನ ಜೊತೆ ಚಹಾ ಕುಡಿದು, ತಮ್ಮ ಕಿಸೆಯಿಂದಲೇ ಉಳಿದದ್ದನ್ನು ಕೊಂಡು ತರುತ್ತಿದ್ದರು. ಮಕ್ಕಳಿಲ್ಲದ ಆ ಸಂಸಾರ ಇದೇ ಜಗಳದ ಮೇಲೆ ಸುಖವಾಗಿ ನಡೆಯಿತು.

ಮಾಮಾ ತೀರಿಕೊಂಡದ್ದು ಆಷಾಢದ ಜಿಟಿಜಿಟಿ ಮಳೆಯಲ್ಲಿ. ಕಟ್ಟಿಗೆಯ ವ್ಯವಸ್ಥೆಯನ್ನು ಕಾಕಾ ವಹಿಸಿಕೊಂಡರು. ಕಾಕಾ ಅಂದರೆ ಅಪ್ಪನ ತಮ್ಮ, ನಿವೃತ್ತ ಇಂಜಿನಿಯರು. ನಮ್ಮ ಮನೆತನದಲ್ಲಿ ಯಾವ ಕೆಲಸ ಕೆಡಬೇಕಿದ್ದರೂ ಅವರ ಕೈಯಿಂದಲೇ ಕೆಡಬೇಕೆಂಬ ರೂಢಿ ಇದೆ. ‘ಎಲ್ಲಾ ಫೋನ್ ಮ್ಯಾಲೆ ಮಾಡೇನಿ, ಯಾರೂ ಚಿಂತಿ ಮಾಡಬ್ಯಾಡ್ರಿ’ ಎಂದರು. ನಾವು ಯಾರೂ ಚಿಂತೆ ಮಾಡಲಿಲ್ಲ. ಸ್ಮಶಾನಕ್ಕೆ ಹೋದಾಗ ಕಟ್ಟಿಗೆ ನಮಗಿಂತ ಮೊದಲೇ ಬಂದು ಬಿದ್ದಿತ್ತು, ನಮಗಿಂತ ಹೆಚ್ಚು ತೊಯ್ದಿತ್ತು. ಬೆಂಕಿ ಹತ್ತಲಿಲ್ಲ. ಕರ್ಪೂರ ಆಯಿತು, ತುಪ್ಪ ಆಯಿತು, ಸಕ್ಕರೆ ಆಯಿತು, ಕೊನೆಗೆ ಯಾರದೋ ಗಾಡಿಯಿಂದ ಡೀಸೆಲ್ ತೆಗೆದದ್ದೂ ಆಯಿತು. ಬದುಕಿದ್ದಾಗ ಯಾರಿಗೂ ಒಂದು ಮಾತಿನ ತೊಂದರೆ ಕೊಡದ ಮನುಷ್ಯ. ಅವರ ಸುತ್ತ ನಾವೆಲ್ಲ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆವು. ಹೊಗೆಗೆ ಎಷ್ಟು, ದುಃಖಕ್ಕೆ ಎಷ್ಟು ಎಂದು ಲೆಕ್ಕ ಹಾಕಲು ಬರುವಂತಿರಲಿಲ್ಲ.

ನಮ್ಮ ಮನೆತನಗಳಲ್ಲಿ ಹೆಂಗಸರು ಸ್ಮಶಾನಕ್ಕೆ ಬರುವುದಿಲ್ಲ. ಬರಬಾರದು ಅನ್ನುವುದಕ್ಕೆ ಕಾರಣ ಅವರು ಅತ್ತುಬಿಡುತ್ತಾರೆ ಎಂದು ಹೇಳುತ್ತಾರೆ. ನನಗೆ ಅನ್ನಿಸುವುದು ಬೇರೆ, ಅವರು ಬಂದರೆ ನಮ್ಮ ವ್ಯವಸ್ಥೆ ನೋಡಿಬಿಡುತ್ತಾರೆ. ಅವತ್ತು ನಾವು ಮರಳಿ ಬಂದು, ಸ್ನಾನ ಮಾಡಿ, ಪಡಸಾಲೆಯಲ್ಲಿ ಕೂತಾಗ ಕಾಕಾ ಯಾವುದೋ ರಸ್ತೆ ಕಾಮಗಾರಿಯ ಕಥೆ ಹೇಳುವವರ ಹಾಗೆ ಶುರು ಮಾಡಿದರು.

‘ಹಸಿ ಕಟ್ಟಿಗಿ ಕೊಟ್ಟು ಮೋಸಾ ಮಾಡ್ಯಾನ ನೋಡ್ರಿ ಅಂವಾ. ಅರ್ಧಾ ಹೊತ್ತಿ ಆರೇ ಬಿಟ್ಟಿತ್ತು. ಡೀಸೆಲ್ ಸುರದ ಮ್ಯಾಲೆ ಒಂದು ಹಂತಕ್ಕ ಬಂತು.’

ಒಳಗಿನ ಕೋಣೆಯಿಂದ ಅತ್ಯಾ ಬಾಗಿಲಿಗೆ ಬಂದು ನಿಂತಳು. ಅಳುತ್ತಿರಲಿಲ್ಲ. ಎಲ್ಲರ ಮುಖವನ್ನೂ ಒಂದು ಸಲ ನೋಡಿ ಕೇಳಿದಳು: ‘ತೂಕ ಯಾರು ನೋಡಿದ್ರಿ?’

ಯಾರೂ ನೋಡಿರಲಿಲ್ಲ. ಪಡಸಾಲೆಯಲ್ಲಿದ್ದ ಗಂಡಸರೆಲ್ಲ ಓದಿಕೊಂಡು ಬಾರದ ಹುಡುಗಿಯರ ಹಾಗೆ ತಲೆ ತಗ್ಗಿಸಿದರು. ಅವಳು ಒಳಗೆ ಹೋದಳು. ಆ ದಿನದಿಂದ ಅವಳಿಗೆ ಸಾವಿನ ಹೆದರಿಕೆ ಉಳಿಯಲಿಲ್ಲ, ಹಸಿ ಕಟ್ಟಿಗೆಯ ಹೆದರಿಕೆ ಹುಟ್ಟಿಕೊಂಡಿತು.

ಆಮೇಲೆ ಅವಳು ಗೋಕುಲ ರಸ್ತೆಯ ಒಳಗಿನ ಬಡಾವಣೆಯಲ್ಲಿರುವ ನಮ್ಮ ಮನೆಗೆ ಬಂದು ಇದ್ದಳು. ನಾನು ವಿಮೆ ಮಾರುವವನು. ‘ನಾಳೆ ನಿಮಗೇನಾದರೂ ಆದರೆ’ ಎಂದು ಮುಖ ಸಣ್ಣಗೆ ಮಾಡಿಕೊಂಡು ಹೇಳುವುದರಿಂದಲೇ ನನ್ನ ಮನೆಯ ಒಲೆ ಉರಿಯುತ್ತದೆ. ಆದರೆ ನನ್ನ ಮನೆಯಲ್ಲೇ ಒಬ್ಬಳು ‘ನಾಳೆ ನನಗ ಏನರ ಆತಂದ್ರ’ ಎಂದು ನಿಜವಾಗಿ ಯೋಚಿಸಲು ಹತ್ತಿದಾಗ ನನಗೆ ಮೈಯೆಲ್ಲ ಮುಳ್ಳು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ಗಿರಾಕಿಗಳಿಗೆ ನಾನೇ ಉಪದೇಶ ಮಾಡುತ್ತಿದ್ದೆ. ಬೆಂಕಿಯನ್ನೇ ಮೊದಲು ಕೊಂಡಿಡುವ ಗಿರಾಕಿಯನ್ನು ನಾನು ಕಂಡಿರಲಿಲ್ಲ.

ಒಂದು ಬೇಸಿಗೆಯ ಮುಂಜಾನೆ ಅವಳು ಹೊರಗೆ ಹೋಗುವ ಸೀರೆ ಉಟ್ಟು ಬಂದಳು. ‘ಗಾಡಿ ತಗೀ. ಕಟ್ಟಿಗಿ ತರೂದದ’ ಎಂದಳು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಬಚ್ಚಲ ನೀರಿಗೆ ಇರಬೇಕು, ವಯಸ್ಸಾದವರಿಗೆ ಗೀಸರಿನ ನೀರು ಹಿಡಿಸುವುದಿಲ್ಲ ಎಂದುಕೊಂಡೆ. ದಾರಿಯಲ್ಲಿ ದವಾಖಾನೆಯ ಮುಂದೆ ಇಳಿದು, ಬಿಪಿ ಬೇಡ, ಔಷಧ ಬೇಡ, ತೂಕ ಮಾತ್ರ ನೋಡಿಸಿಕೊಂಡು ಬಂದಳು. ಆಗಲೂ ನನಗೆ ಹೊಳೆಯಲಿಲ್ಲ.

ಅಡ್ಡಾದ ಮಾಲಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ನಮ್ಮನ್ನು ನೋಡಿ ಎದ್ದ.

‘ಬರ್ರಿ ಬಾಯಾರ. ಯಾತಕ್ಕ ಬೇಕಾಗಿತ್ರಿ?’

‘ಸುಡ್ಲಿಕ್ಕೆ.’

‘ಎಲ್ಲಾರೂ ಸುಡಾಕ ಒಯ್ತಾರ್ರಿ. ನೀರ ಕಾಸಾಕೋ, ಅಡಗೀಗೋ?’

‘ನನ್ನ ಸುಡ್ಲಿಕ್ಕೆ.’

ಅವನು ನನ್ನ ಮುಖ ನೋಡಿದ. ನಾನು ಎದುರಿಗಿದ್ದ ಹುಣಸೆ ಕೊರಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

‘ಸರ, ಬಾಯಾರಿಗೆ ಆರಾಮ ಐತಿಲ್ರಿ?’ ಎಂದು ಮೆಲ್ಲಗೆ ಕೇಳಿದ.

‘ಆರಾಮ ಇದ್ದಾಗನ ಬಂದೇನಿ’ ಎಂದಳು ಅತ್ಯಾ. ‘ಆರಾಮ ಇಲ್ಲದ ಮನ್ಯಾಗಿಂದ ಬಂದವರಿಗೆ ನೀವು ಹಸೀದ ಕೊಡ್ತೀರಿ.’

‘ಅಂಥಾ ಕಟ್ಟಿಗೀಗೆ ಚೌಕಾಸಿ ಮಾಡೂ ರೂಢಿ ಇಲ್ರಿ ಬಾಯಾರ. ಬಂದವ್ರು ಕೇಳಂಗಿಲ್ಲ, ನಾವೂ ಹೇಳಂಗಿಲ್ಲ.’

‘ಗೊತ್ತದ. ಅದಕ್ಕ ಜೀವಂತ ಬಂದೇನಿ. ಸತ್ತ ಮ್ಯಾಲೆ ನನಗ ಚೌಕಾಸಿ ಮಾಡ್ಲಿಕ್ಕೆ ಬರೂದಿಲ್ಲ. ಇಂವಾ ಅಂತೂ ಬದುಕಿದ್ದಾಗನೂ ಮಾಡೂದಿಲ್ಲ.’

‘ಇಂವಾ’ ಎಂದರೆ ನಾನು. ಮಾಲಕ ನನ್ನನ್ನು ಕನಿಕರದಿಂದ ನೋಡಿದ.

ಅತ್ಯಾ ರಾಶಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮಾವು ಬೇಡ, ಬರೀ ಹೊಗೆ. ನೀಲಗಿರಿ ಬೇಡ, ಪಟಪಟ ಉರಿದು ಮುಗಿದುಹೋಗುತ್ತದೆ. ಜಾಲಿ ಬೇಕು. ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದಳು. ಒಣಗಿದ್ದಾದರೆ ಠಣ್ ಅನ್ನಬೇಕು, ಹಸಿಯಾದರೆ ದಬ್ ಅನ್ನುತ್ತದೆ. ಕಡಿದ ತುದಿಯನ್ನು ಗಲ್ಲಕ್ಕೆ ಹಚ್ಚಿ ನೋಡಿದಳು, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಸೀರೆ ಅಂಗಡಿಯಲ್ಲಿ ಕೂಡ ಹೆಂಗಸರು ಇಷ್ಟು ಮಾಲು ತೆಗೆಸುವುದಿಲ್ಲ. ಅರ್ಧ ರಾಶಿ ಆಚೆ ಈಚೆ ಆದ ಮೇಲೆ ಅವಳ ಮನಸ್ಸಿಗೆ ಬಂದ ಜಾಲಿ ಸಿಕ್ಕಿತು.

ಇನ್ನು ತೂಕ. ತಕ್ಕಡಿ ಎಂದರೆ ಈಗ ನೆಲದ ಮೇಲಿನ ಕಬ್ಬಿಣದ ಹಲಗೆ, ಪಕ್ಕದ ಕಂಬದಲ್ಲಿ ಕೆಂಪು ಅಂಕಿಗಳು ಮಿನುಗುತ್ತವೆ. ಹಮಾಲ ಕಟ್ಟಿಗೆ ತರುವ ಮೊದಲೇ ಅತ್ಯಾ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಗುಡಿಯ ಮೆಟ್ಟಿಲು ಹತ್ತುವಂತೆ ಆ ಹಲಗೆಯನ್ನು ಹತ್ತಿ ನಿಂತಳು. ಮಾಲಕ ಗಾಬರಿಯಾದ.

‘ಇಳೀರಿ ಬಾಯಾರ. ಇದರ ಮ್ಯಾಲೆ ಮನಿಷ್ಯಾರು ನಿಂದ್ರಬಾರದ್ರಿ, ಛಲೋ ಅಲ್ಲ.’

ಅತ್ಯಾ ಅಂಕಿ ನೋಡುತ್ತಿದ್ದಳು. ‘ಈಗ ದವಾಖಾನ್ಯಾಗ ತೂಕ ಮಾಡಿಸಿ ಬಂದೇನಿ. ಅಲ್ಲಿಂದ ಇಲ್ಲಿಗೆ ಬರೂದ್ರಾಗ ಎರಡು ಕಿಲೋ ಹೆಚ್ಚಾಗೇನಿ. ದಾರ್ಯಾಗ ಗಾಳಿ ಬಿಟ್ಟು ಏನೂ ತಿಂದಿಲ್ಲ.’

ಹಲಗೆಯ ಕೆಳಗೆ ಹೊಟ್ಟು ಸೇರಿಕೊಂಡಿರಬೇಕು ಎಂದ ಮಾಲಕ. ಕಸಬರಿಗೆ ತರಿಸಿದ, ಗುಡಿಸಿದ, ಕಂಬದ ಗುಂಡಿಗಳನ್ನು ಒತ್ತಿದ. ಅತ್ಯಾ ಎರಡನೆಯ ಸಲ ಹತ್ತಿದಾಗ ದವಾಖಾನೆಯ ತೂಕಕ್ಕೆ ಮರಳಿ ಬಂದಿದ್ದಳು. ಇಷ್ಟು ಲಗೂ ತೂಕ ಇಳಿಸುವ ಡಾಕ್ಟರರು ಗೋಕುಲ ರಸ್ತೆಯಲ್ಲೂ ಇಲ್ಲ.

ಕಟ್ಟಿಗೆ ಹೇರುವಾಗ ಹಮಾಲನ ಒಂದು ಕಾಲು ಹಲಗೆಯ ಅಂಚಿನ ಮೇಲಿತ್ತು. ಅಭ್ಯಾಸಬಲ ಇರಬೇಕು. ಅತ್ಯಾ ಅವನಿಗೆ ಬಹಳ ಮರ್ಯಾದೆಯಿಂದ ಕೇಳಿದಳು: ‘ನಿಮ್ಮ ಕಾಲೂ ನನ್ನ ಜೋಡಿ ಸುಡೂದದ ಏನ್ರಿ?’ ಅವನು ಕಾಲು ತೆಗೆದ. ಅಂಕಿ ಇಳಿಯಿತು. ಮಾಲಕ ಬೇರೆ ಕಡೆ ನೋಡಿದ.

‘ಒಬ್ಬರಿಗೆ ಇಷ್ಟ ರೂಢಿರಿ’ ಎಂದು ಕೊನೆಗೆ ಮಾಲಕ ಹೇಳಿದ.

‘ಅಷ್ಟ ಸಾಕು. ಹೆಚ್ಚಿಗಿ ಬ್ಯಾಡ, ಕಡಿಮಿನೂ ಬ್ಯಾಡ’ ಎಂದಳು ಅತ್ಯಾ.

ಟಂಟಂ ಗಾಡಿಯಲ್ಲಿ ಕಟ್ಟಿಗೆ ಮನೆಗೆ ಬಂತು. ಹಿತ್ತಲಿನಲ್ಲಿ ಇಟ್ಟಂಗಿ ಹಾಸಿ, ಅದರ ಮೇಲೆ ಗಾಳಿಯಾಡುವಂತೆ ಪೇರಿಸಿ, ಮೇಲೆ ತಗಡಿನ ಪತ್ರಾಸ ಹೊದಿಸಿದೆವು. ಬಚ್ಚಲ ನೀರಿಗೆ ತಂದದ್ದು ಎಂದು ನಾನು ನನ್ನ ಹೆಂಡತಿಗೆ ಹೇಳಿದೆ. ಅತ್ಯಾ ಅದನ್ನು ಕೂಡಲೇ ತಿದ್ದಿದಳು. ‘ಇದನ್ನ ನೋಡಕೋತ ನಾ ದಿನಾ ಭಾಂಡಿ ತಿಕ್ಕಬೇಕೇನು?’ ಎಂದು ಹೆಂಡತಿ ನನ್ನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದಳು. ತಿಕ್ಕಿದಳು ಕೂಡ. ಮನುಷ್ಯರು ಯಾವುದಕ್ಕಾದರೂ ಹೊಂದಿಕೊಳ್ಳುತ್ತಾರೆ. ಒಮ್ಮೆ ಗೀಸರ್ ಕೆಟ್ಟಾಗ ಎರಡು ತುಂಡು ತೆಗೆದುಕೊಳ್ಳಲೇ ಎಂದು ಅವಳೇ ಹೋಗಿ ಕೇಳಿದ್ದಳು. ‘ಮುಟ್ಟಬ್ಯಾಡ, ಅದು ತೂಕದ ಮಾಲು’ ಎಂದು ಉತ್ತರ ಬಂತು. ಅವತ್ತು ಮನೆಮಂದಿಯೆಲ್ಲ ತಣ್ಣೀರು ಸ್ನಾನ ಮಾಡಿದೆವು.

ಸುದ್ದಿ ಊರು ತುಂಬಲು ಹೊತ್ತು ಹಿಡಿಯಲಿಲ್ಲ. ಅದೇ ಬಡಾವಣೆಯಲ್ಲಿರುವ ಕಾಕಾ ಬಂದರು. ಮೊಬೈಲಿನಲ್ಲಿ ದೇಹದ ತೂಕ, ಕಟ್ಟಿಗೆಯ ತೇವ, ಗಾಳಿಯ ವೇಗ ಎಲ್ಲ ಹಾಕಿ ಲೆಕ್ಕ ಮಾಡಿದರು. ‘ಅಕ್ಕಾ, ನಿನಗ ಇದು ಹೆಚ್ಚಾತು.’

‘ಉಳದ್ರ ನಿನಗ ಆಗ್ತದ ಬಿಡು’ ಎಂದಳು ಅತ್ಯಾ.

ಕಾಕಾ ಮೊಬೈಲ್ ಕಿಸೆಗೆ ಹಾಕಿದರು. ಆದರೆ ಇಂಜಿನಿಯರು ಸುಮ್ಮನೆ ಎದ್ದು ಹೋಗುತ್ತಾರೆಯೇ? ಈಗ ಎಲ್ಲ ಕರೆಂಟಿನಲ್ಲೇ ಆಗುತ್ತದೆ, ಒಂದು ಗುಂಡಿ ಒತ್ತಿದರೆ ಮುಗಿಯಿತು ಎಂದರು. ‘ನಡುವ ಕರೆಂಟು ಹೋದ್ರ?’ ಎಂದು ಅತ್ಯಾ ಕೇಳಿದಳು. ನಮ್ಮ ಊರಿನಲ್ಲಿ ಕೂತು ಈ ಪ್ರಶ್ನೆಗೆ ಎದೆ ತಟ್ಟಿ ಉತ್ತರ ಹೇಳುವ ಇಂಜಿನಿಯರು ಇನ್ನೂ ಹುಟ್ಟಿಲ್ಲ.

ಪಕ್ಕದ ಮನೆಯವರು ಹತ್ತಿ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟ ದೊಡ್ಡ ಮನುಷ್ಯರು, ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು, ಹಣೆ ತುಂಬ ವಿಭೂತಿ. ಕಂಪೌಂಡಿನ ಮೇಲಿಂದ ಇಣುಕಿ ರಾಶಿ ನೋಡಿದರು. ‘ನಮ್ಮೊಳಗ ಈ ತ್ರಾಸ ಇಲ್ಲ ನೋಡ್ರಿ ಬಾಯಾರ. ಕುಂಡ್ರಿಸಿ ಮಣ್ಣು ಕೊಟ್ರ ಆತು.’

‘ಕುಣಿ ಅಳತಿ ಬರೊಬ್ಬರಿ ತಗದಾರೋ ಇಲ್ಲೋ, ಯಾರರ ಹೋಗಿ ನೋಡ್ತಾರೇನ್ರಿ?’ ಎಂದಳು ಅತ್ಯಾ.

ಅಧ್ಯಕ್ಷರು ಒಳಗೆ ಹೋದರು. ಆಮೇಲೆ ಒಂದೆರಡು ದಿನ ಅವರಿಗೆ ಊಟ ಸೇರಲಿಲ್ಲವೆಂದು ಅವರ ಮನೆಯವರು ನನ್ನ ಹೆಂಡತಿಗೆ ಹೇಳಿದರು.

ಮಳೆಗಾಲದಲ್ಲಿ ಅತ್ಯಾ ಆ ರಾಶಿಯನ್ನು ಎಳೆಗೂಸಿನ ಹಾಗೆ ಕಾಯ್ದಳು. ಎರಚಲು ಬಿದ್ದರೆ ಗೋಣಿಚೀಲ ಹೊದಿಸುವುದು, ಬಿಸಿಲು ಬಿದ್ದರೆ ತೆಗೆಯುವುದು. ಆಗಾಗ ಎರಡು ತುಂಡು ಬಡಿದು ನೋಡುವುದು. ನಾನು ಕಚೇರಿಯಲ್ಲಿ ಇದನ್ನೆಲ್ಲ ರಸವತ್ತಾಗಿ ಹೇಳಿ ನಗಿಸುತ್ತಿದ್ದೆ. ಒಂದು ಸಂಜೆ ಹಿತ್ತಲಿಗೆ ಹೋದಾಗ ಅವಳು ಕಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ‘ಹಸೀದ ಕೊಟ್ರಲ್ಲ ನಿಮಗ’ ಎಂದದ್ದು ಮಾತ್ರ ಕೇಳಿಸಿತು. ಸಪ್ಪಳ ಮಾಡದೆ ಮರಳಿ ಬಂದೆ. ಅವತ್ತು ನನಗೆ ನಿಜವಾಗಿ ಸಂಕಟವಾಯಿತು. ಮರುದಿನ ಕಚೇರಿಯಲ್ಲಿ ಹೇಳಲು ಏನೂ ಉಳಿದಿರಲಿಲ್ಲ.

ಚಳಿಗಾಲ ಕಳೆದು ಹೋಳಿ ಬಂತು. ಹೋಳಿ ಬಂದರೆ ನಮ್ಮ ಕಡೆ ಕಟ್ಟಿಗೆ ಕದಿಯುವುದು ಪುಣ್ಯದ ಕೆಲಸ. ಕಾಮಣ್ಣನನ್ನು ಸುಡಲು ಕದ್ದ ಕಟ್ಟಿಗೆಯೇ ಆಗಬೇಕು, ಕೊಂಡದ್ದು ಹೊತ್ತುವುದಿಲ್ಲ ಎನ್ನುತ್ತಾರೆ. ಒಮ್ಮೆ ಕಾಮಣ್ಣನ ರಾಶಿಗೆ ಬಿದ್ದದ್ದನ್ನು ಯಾರೂ ಮರಳಿ ಕೇಳುವಂತಿಲ್ಲ, ಬೈಯುವಂತಿಲ್ಲ, ಅದು ನಿಮ್ಮ ಮನೆಯ ಬಾಗಿಲೇ ಆಗಿದ್ದರೂ ಸರಿ. ನಮ್ಮ ಬಡಾವಣೆ ಮಾತ್ರ ಸುಧಾರಿಸಿದವರ ಬಡಾವಣೆ. ಸಂಘದ ವಾಟ್ಸಾಪಿನಲ್ಲಿ ಸೂಚನೆ ಬಂತು: ‘ಇಂದು ಸಂಜೆ ಕಟ್ಟಿಗೆ ಕದಿಯಲಾಗುವುದು. ಬೇಡವಾದ ಸಾಮಾನುಗಳನ್ನು ಗೇಟಿನ ಹೊರಗೆ ಇಟ್ಟು ಸಹಕರಿಸಬೇಕು.’ ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿದ್ದರು. ಕಳ್ಳರಿಗೆ ಚಹಾದ ವ್ಯವಸ್ಥೆ ಅಧ್ಯಕ್ಷರ ಮನೆಯಲ್ಲಿತ್ತು.

ಆ ಸಂಜೆ ಅತ್ಯಾ ರಾಶಿಯ ಮುಂದೆ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ ಛತ್ರಿ ಹಿಡಿದು ಕೂತಳು. ಅಧ್ಯಕ್ಷರೇ ಬಂದು ಅಭಯ ಕೊಟ್ಟರು. ‘ನಿಮ್ಮದು ಮುಟ್ಟಂಗಿಲ್ಲ ಬಾಯಾರ. ಖರೇ ಹೇಳಬೇಕಂದ್ರ ಅದನ್ನ ಮುಟ್ಟಾಕ ಎಲ್ಲಾರಿಗೂ ಹೆದರಿಕಿ ಐತಿ.’

ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ನಮ್ಮವರು ನಿಜವಾಗಿ ಹುಲ್ಲುಕಡ್ಡಿಯನ್ನೇ ಕೊಟ್ಟಿದ್ದರು. ಮುರಿದ ಪ್ಲಾಸ್ಟಿಕ್ ಕುರ್ಚಿ, ಹೊಟ್ಟಿನ ಹಲಗೆಯ ಟೀಪಾಯಿ, ಯಾರದೋ ಕಂಪ್ಯೂಟರ್ ಮೇಜಿನ ಒಂದು ಕಾಲು. ಇದರಲ್ಲಿ ಕಾಮಣ್ಣನ ಮೀಸೆಯೂ ಸುಡುವುದಿಲ್ಲ ಎಂದು ಗೊತ್ತಾದಾಗ ಕಟ್ಟಿಗೆ ಕೊಳ್ಳುವುದೆಂದು ತೀರ್ಮಾನವಾಯಿತು. ಸಂಘದ ತಾಂತ್ರಿಕ ಸಲಹೆಗಾರರು ಮುಂದೆ ಬಂದರು. ‘ನಾ ಫೋನ್ ಮ್ಯಾಲೆ ಮಾಡ್ತೇನಿ, ಯಾರೂ ಚಿಂತಿ ಮಾಡಬ್ಯಾಡ್ರಿ’ ಎಂದರು ಕಾಕಾ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಡಾವಣೆಯ ಮೈದಾನದಲ್ಲಿ ಎಲ್ಲರೂ ಸೇರಿದರು. ಹುಲ್ಲು, ಕಾಗದದಿಂದ ಮಾಡಿದ ಕಾಮಣ್ಣ ಕಟ್ಟಿಗೆಯ ನಡುವೆ ನಿಂತಿದ್ದ. ರತಿಯನ್ನು ಪಕ್ಕದ ಸಣ್ಣ ಮಂಟಪದಲ್ಲಿ ಕೂಡಿಸಿದ್ದರು. ಅವಳನ್ನು ಸುಡುವುದಿಲ್ಲ, ಅವಳು ನೋಡಬೇಕು ಅಷ್ಟೇ. ಹಲಗೆ ಬಾರಿಸಲು ಶುರುವಾಯಿತು, ಬಾಯಿ ಬಾಯಿ ಬಡಿದುಕೊಂಡು ಬೊಬ್ಬೆ ಹೊಡೆದರು, ಅಧ್ಯಕ್ಷರು ಬೆಂಕಿ ಹಚ್ಚಿದರು. ಕಾಮಣ್ಣನ ಹುಲ್ಲು ಒಂದು ಸಲ ಭಗ್ ಎಂದು ಹತ್ತಿ ಆರಿತು. ಕೆಳಗಿನ ಕಟ್ಟಿಗೆ ಬುಸ್ ಎಂದು ನೊರೆ ಕಾರಿತು. ಹೊಗೆ ಎದ್ದಿತು. ಬೊಬ್ಬೆ ಹೊಡೆಯುತ್ತಿದ್ದವರೆಲ್ಲ ಕೆಮ್ಮಲು ಹತ್ತಿದರು. ಮುಖ ಕಪ್ಪಾಗಿ, ಒಂದು ತೋಳು ಜೋತುಬಿದ್ದು, ಕಾಮಣ್ಣ ಸಾಯಲೂ ಆರದೆ ಬದುಕಲೂ ಆರದೆ ನಿಂತ.

‘ಸ್ವಲ್ಪ ಹಸೀದ ಕೊಟ್ಟಾನ’ ಎಂದರು ಕಾಕಾ. ‘ಡೀಸೆಲ್ ತರ್ರಿ.’

ಅತ್ಯಾ ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಡೀಸೆಲ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಕೆಳಗಿಳಿದು ಮೈದಾನದ ನಡುವೆ ಬಂದಳು. ಜನ ದಾರಿ ಬಿಟ್ಟರು. ಆ ಅರೆಸುಟ್ಟ ಗೊಂಬೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾಕಾನ ಕಡೆ ತಿರುಗಿದಳು.

‘ತೂಕ ಯಾರು ನೋಡಿದ್ರಿ?’

ಹಲಗೆಯ ಬಡಿತ ನಿಂತಿತು. ಆ ಪ್ರಶ್ನೆ ಹಿಂದೆ ಯಾವಾಗ ಕೇಳಿದ್ದೆಂದು ಗೊತ್ತಿದ್ದವರು ಅಲ್ಲಿ ನಾವಿಬ್ಬರೇ, ನಾನು ಮತ್ತು ಕಾಕಾ. ಕಾಕಾ ಕನ್ನಡಕ ತೆಗೆದು ಒರೆಸತೊಡಗಿದರು. ಅತ್ಯಾ ನನಗೆ ಹೇಳಿದಳು: ‘ಹಿತ್ತಲ ಬಾಗಲಾ ತಗೀ.’

‘ಅತ್ಯಾ, ಇಲ್ಲಿ ಬಿದ್ದದ್ದು ವಾಪಸ್ ಬರೂದಿಲ್ಲ.’

‘ಸುಟ್ಟದ್ದು ಎಲ್ಲೆರ ವಾಪಸ್ ಬರ್ತದೇನು? ತಗೀ.’

ಬಾಗಿಲು ತೆಗೆದರೂ ಆ ಕಟ್ಟಿಗೆ ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಕದಿಯಲು ಬಂದ ಗಂಡಸರೆಲ್ಲ ಸಾಲಾಗಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಅತ್ಯಾ ಮೊದಲ ತುಂಡನ್ನು ತಾನೇ ಎತ್ತಿ ಎದೆಗೆ ಆನಿಸಿಕೊಂಡು ಹೊರಟಳು. ಆಮೇಲೆ ನಾನು ಎತ್ತಿದೆ, ಅಧ್ಯಕ್ಷರು ಎತ್ತಿದರು, ಕಾಕಾ ಎಲ್ಲರಿಗಿಂತ ಹೆಚ್ಚು ಹೊತ್ತರು. ಹಸಿಯದನ್ನು ಹೊರಗೆ ಎಳೆಸಿ, ಸಣ್ಣವು ಕೆಳಗೆ, ದಪ್ಪವು ಮೇಲೆ, ನಡುವೆ ಗಾಳಿಗೆ ದಾರಿ ಬಿಟ್ಟು ಅವಳು ಪೇರಿಸಿದಳು. ಯಾರೋ ಡೀಸೆಲ್ಲಿನ ಡಬ್ಬಿ ತಂದರು.

‘ಅದು ಬ್ಯಾಡ’ ಎಂದಳು. ‘ಅವರಿಗೆ ಆ ವಾಸನಿ ಸೇರೂದಿಲ್ಲ.’

ಕಾಮಣ್ಣನಿಗೆ ‘ಅವರು’ ಅನ್ನುವವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಅಧ್ಯಕ್ಷರಿಗೆ ಅದು ಗೊತ್ತಾಗಲಿಲ್ಲ. ನಾನು ಕಟ್ಟಿಗೆ ಇಳಿಸಿ ಅಲ್ಲೇ ಕೂತೆ.

ಒಂದೇ ಕಡ್ಡಿಗೆ ಹತ್ತಿತು. ಜಾಲಿ ಚಿಟಚಿಟ ಎಂದಿತು, ಆಮೇಲೆ ಸದ್ದಿಲ್ಲದೆ, ಹೊಗೆಯಿಲ್ಲದೆ, ನೆಟ್ಟಗೆ ಉರಿಯಿತು. ಜನ ಮತ್ತೆ ಬೊಬ್ಬೆ ಹೊಡೆದರು, ಬಣ್ಣದ ಪುಡಿ ತೂರಿದರು. ಅತ್ಯಾ ಕದಲಲಿಲ್ಲ. ಕೊನೆಯ ತುಂಡು ಕುಸಿದು ಕೆಂಡವಾಗುವವರೆಗೆ ಬೆಂಕಿಯ ಕಾವಿಗೆ ಮುಖ ಕೊಟ್ಟು ನಿಂತಿದ್ದಳು. ಒಮ್ಮೆ ಮಾತ್ರ ಮಂಟಪದ ಕಡೆ ನೋಡಿ, ‘ರತೀಗರ ನೋಡ್ಲಿಕ್ಕೆ ಬಿಡ್ತಾರ’ ಎಂದಳು. ಕಾಕಾ ಹತ್ತಿರ ಬಂದು ‘ಅಕ್ಕಾ’ ಎಂದು ಏನೋ ಹೇಳಲು ಹೋದರು. ‘ಇರ್ಲಿ ಬಿಡು’ ಎಂದಳು. ‘ಬರೊಬ್ಬರಿ ಆತು ನೋಡು. ಹೆಚ್ಚಿಲ್ಲ, ಕಡಿಮಿಲ್ಲ.’

ರೂಢಿಯಂತೆ ಎಲ್ಲರೂ ಆ ಕೆಂಡ ಒಯ್ದು ತಂತಮ್ಮ ಮನೆಯಲ್ಲಿ ನೀರು ಕಾಸಿದರು. ಬಣ್ಣ ಆಡಿ ಆದ ಮೇಲೆ ಸ್ನಾನ ಮಾಡುವುದು ಪದ್ಧತಿ. ಅತ್ಯಾ ಬಣ್ಣ ಮುಟ್ಟಲಿಲ್ಲ. ನೇರವಾಗಿ ಬಚ್ಚಲಿಗೆ ಹೋಗಿ ತಲೆಯ ಮೇಲಿಂದ ನೀರು ಸುರಿದುಕೊಂಡಳು, ಸ್ಮಶಾನದಿಂದ ಬಂದವರ ಹಾಗೆ. ಬಾಗಿಲಾಚೆಯಿಂದ ಅವಳು ಅಳುವುದು ಕೇಳಿಸಿತು. ಮಾಮಾ ಹೋದಾಗಿನಿಂದ ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಹೆಂಡತಿ ಟಾವೆಲ್ ಹಿಡಿದುಕೊಂಡು ಹೊರಗೆ ನಿಂತಿದ್ದಳು, ಅವಳೂ ಅಳುತ್ತಿದ್ದಳು.

ಇಷ್ಟಕ್ಕೆ ಮುಗಿಯಿತು, ಹಿತ್ತಲು ಖಾಲಿಯಾಯಿತು, ಇನ್ನು ನಿಶ್ಚಿಂತೆ ಎಂದುಕೊಂಡಿದ್ದರೆ ಅತ್ಯಾನನ್ನು ನಾನು ಅರಿತಿಲ್ಲವೆಂದೇ ಅರ್ಥ. ಈ ಬೇಸಿಗೆಯಲ್ಲಿ ಮತ್ತೆ ಸೀರೆ ಉಟ್ಟು ಬಂದಳು. ‘ಅವರದು ಆತು. ನನ್ನದು ಬಾಕಿ ಅದ’ ಎಂದಳು. ಈಗ ಮೊಣಕಾಲು ಮಡಚುವುದಿಲ್ಲ, ನನ್ನ ಸಣ್ಣ ಗಾಡಿಯಲ್ಲಿ ಕೂಡಲು ಬರುವುದಿಲ್ಲ, ಆಟೋ ತರಿಸಿದೆ. ದವಾಖಾನೆಯ ಮುಂದೆ ಆಟೋ ನಿಲ್ಲಿಸಿದಳು. ಈ ಸಲ ಅವಳು ಇಳಿಯಲಿಲ್ಲ. ‘ನೀ ಹೋಗಿ ನಿನ್ನ ತೂಕ ಮಾಡಿಸ್ಕೊಂಡು ಬಾ’ ಎಂದಳು.

ಅಡ್ಡಾದ ಮಾಲಕ ಈ ಸಲ ಯಾತಕ್ಕ ಎಂದು ಕೇಳಲಿಲ್ಲ. ಆಟೋ ನೋಡಿದ ಕೂಡಲೇ ಹಲಗೆಯ ಕೆಳಗೆ ಕಸಬರಿಗೆ ಆಡಿಸಿದ. ನಾನು ಬೂಟು ಬಿಚ್ಚಿ ಹಲಗೆ ಹತ್ತಿ ನಿಂತೆ. ಊರಿಗೆಲ್ಲ ಸಾವಿನ ಲೆಕ್ಕ ಹೇಳುವವನು ನಾನು, ಆದರೆ ಆ ತಣ್ಣನೆಯ ಕಬ್ಬಿಣ ಅಂಗಾಲಿಗೆ ತಾಗಿದಾಗ ಇಳಿದುಬಿಡಬೇಕು ಎನ್ನಿಸಿತು. ಕೆಂಪು ಅಂಕಿ ದವಾಖಾನೆಯ ಅಂಕಿಯೇ ಆಗಿತ್ತು. ಆಟೋದೊಳಗಿಂದ ಅತ್ಯಾನ ಧ್ವನಿ ಬಂತು: ‘ಬಡದು ನೋಡು. ನನಗ ಕೇಳಸೂ ಹಂಗ.’ ಎರಡು ಜಾಲಿ ತುಂಡು ಬಡಿದೆ. ‘ಇದಲ್ಲ, ಬ್ಯಾರೆ’ ಎಂದಳು. ಬೇರೆ ಎರಡು ಬಡಿದೆ. ‘ಹಾಂ, ಇದು.’

ಹಮಾಲ ಹೇರತೊಡಗಿದ. ಆಟೋ ನಿಂತ ಕಡೆಯಿಂದ ತಕ್ಕಡಿ ಕಾಣುವಂತಿರಲಿಲ್ಲ. ಅವನ ಒಂದು ಕಾಲು ನಿಧಾನವಾಗಿ ಹಲಗೆಯ ಅಂಚಿನ ಮೇಲೆ ಬಂದು ಕೂತಿತು. ಸುಮ್ಮನಿರುವುದು ನನ್ನ ಹಳೆಯ ಸ್ವಭಾವ, ಮಾಮಾನನ್ನು ನೋಡಿ ಕಲಿತದ್ದು.

‘ಕಾಲು ತಗೀರಿ’ ಎಂದೆ.

ಅವನು ತೆಗೆದ. ಅಂಕಿ ಇಳಿಯಿತು.

‘ಏನಾತೋ?’ ಎಂದು ಅತ್ಯಾ ಆಟೋದಿಂದ ಕೂಗಿ ಕೇಳಿದಳು.

‘ಏನಿಲ್ಲ ಅತ್ಯಾ. ತೂಕ ನಾ ನೋಡ್ಲಿಕ್ಕೆ ಹತ್ತೇನಿ.’